ಎಣ್ಣೆ, ಕೆಂಡ ಮತ್ತು ರಬ್ಬರಿನ ನಳಿಗೆ

ಈಗ ನರ್ಸಿಂಗ್ ಕಲಿಯುವ ಹುಡುಗಿಯರ ಮುಂದೆ ಮೂತ್ರ ಇಳಿಸುವ ಎರಡು ನಳಿಗೆ, ಅಂದರೆ ಕ್ಯಾಥೆಟರ್, ಇಟ್ಟು ಭೇದ ಕೇಳಿದರೆ ಗಿಳಿಪಾಠ ಒಪ್ಪಿಸಿಬಿಡುತ್ತಾರೆ. ಹಳದಿಯದು ಲ್ಯಾಟೆಕ್ಸ್, ಅಗ್ಗ, ಮೆತ್ತಗೆ, ಕೆಲವರ ಮೈಗೆ ಒಗ್ಗುವುದಿಲ್ಲ. ಬೆಳ್ಳಗೆ ಆರಪಾರ ಕಾಣುವುದು ಸಿಲಿಕೋನ್, ತುಟ್ಟಿ, ಒಳಗೆ ಸುಣ್ಣ ಕಟ್ಟುವುದು ನಿಧಾನ, ಹೆಚ್ಚು ದಿನ ಇಡಬಹುದು. ಎಲ್ಲ ಸರಿ. ಆದರೆ ನಳಿಗೆ ಜಾರದಂತೆ ಒಳಗೆ ಹಿಡಿದಿಡುವ ಸಿಲಿಕೋನ್ ಬಲೂನಿನೊಳಗಿನ ನೀರು ದಿನ ಕಳೆದಂತೆ ತಾನಾಗಿಯೇ ಇಂಗಿ ಕಡಿಮೆಯಾಗುತ್ತದಲ್ಲ, ಅದನ್ನು ನಡುವೆ ನೋಡುತ್ತೀರೇನು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲ್ಯಾಟೆಕ್ಸಿಗೆ ಎಣ್ಣೆ ಯಾಕೆ ಆಗದು ಎಂದರೆ, "ಪುಸ್ತಕದಾಗ ಹಂಗ ಬರದಾರ್ರಿ ಮೇಡಂ" ಅನ್ನುತ್ತಾರೆ. ನಾನು ಸಿಟ್ಟಿನ ಹೆಂಗಸು ಎಂದು ಅವರಿಗೆ ಮೊದಲೇ ಯಾರೋ ಹೇಳಿರುತ್ತಾರೆ.

ನಾನು ಆ ಪಾಠವನ್ನು ಪುಸ್ತಕದಲ್ಲಿ ಕಲಿಯಲಿಲ್ಲ. ಐವತ್ತರ ದಶಕದಲ್ಲಿ ನರಗುಂದ, ರೋಣ, ಗಜೇಂದ್ರಗಡ ಎಂದು ಟ್ರಂಕು ಹೊತ್ತು ತಿರುಗುವಾಗ ಒಂದೊಂದೇ ತುಣುಕಾಗಿ ಕಲಿತೆ. ಯಾವಾಗ ಕಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದೆಲ್ಲ ನನಗೇ ಬೇಸರದ ವಿಷಯ. ನಳಿಗೆಯ ಮಾತನ್ನಷ್ಟೇ ಬರೆಯುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ.

ನರಗುಂದದಲ್ಲಿ ನಾನು ಮೊದಲು ನರ್ಸಾಗಿ ಸೇರಿದ್ದು ಒಬ್ಬ ಖಾಸಗಿ ಡಾಕ್ಟರ ಕೈಕೆಳಗೆ. ಅವರ ಹತ್ತಿರ ಒಂದು ಬೆಳ್ಳಿಯ ಕ್ಯಾಥೆಟರ್ ಇತ್ತು. ತುದಿ ಬಾಗಿದ, ಫಳಫಳ ಹೊಳೆಯುವ ಕೊಳವೆ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ ಇಡುತ್ತಿದ್ದರು. ಕೆಂಪು ರಬ್ಬರಿನ ನಳಿಗೆಗಳೂ ನಮ್ಮಲ್ಲಿದ್ದವು, ಆದರೆ ಅವುಗಳನ್ನು ಕಂಡರೆ ಸಾಹೇಬರಿಗೆ ತಾತ್ಸಾರ.

ಒಮ್ಮೆ ಜೋಳದ ವ್ಯಾಪಾರ ಮಾಡುವ ಮುದುಕನೊಬ್ಬನನ್ನು ಮೂತ್ರ ಕಟ್ಟಿ ಕರೆತಂದರು. ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು. ಸಾಹೇಬರು ಬೆಳ್ಳಿಯದನ್ನೇ ತೆಗೆದರು. ಅದು ಒಳಗೆ ಸ್ವಲ್ಪ ದೂರ ಹೋಗಿ ನಿಂತಿತು. ಅವರು ಒತ್ತಿದರು. ಮುದುಕ ಹಲ್ಲು ಕಚ್ಚಿದ. ಇನ್ನೊಂದು ಸಲ ಒತ್ತಿದಾಗ ರಕ್ತ ಬಂತು. ನಾನು ಪರದೆಯ ಅಂಚಿನಲ್ಲಿ ಟ್ರೇ ಹಿಡಿದು ನಿಂತವಳು ತಡೆಯಲಾರದೆ, "ಸರ್, ರಬ್ಬರಿಂದು ಕುದಿಸಿ ಇಟ್ಟೇನ್ರಿ" ಎಂದೆ.

"ರಬ್ಬರ ಎತ್ತ ಬೇಕಾದತ್ತ ಹೊಳ್ಳತದ. ಬೆಳ್ಳಿ ನನ್ನ ಮಾತ ಕೇಳತದ" ಎಂದು ಗದರಿದರು.

ಬೆಳ್ಳಿ ಮಾತು ಕೇಳಿದ್ದೇ ತೊಂದರೆಯಾಗಿತ್ತು. ಅವರು ಎತ್ತ ಒತ್ತಿದರೋ ಅದು ಅತ್ತ ಹೋಗಿತ್ತು, ದಾರಿ ಇದ್ದ ಕಡೆ ಹೋಗಿರಲಿಲ್ಲ. ಕೊನೆಗೆ ಮುದುಕ ಬೆವೆತು ತಣ್ಣಗಾಗತೊಡಗಿದಾಗ ಸಾಹೇಬರು ಕೈಯನ್ನು ಹಿಂದಕ್ಕೆ ಚಾಚಿದರು. ನಾನು ಕೆಂಪು ರಬ್ಬರಿನದನ್ನು ಆ ಕೈಯೊಳಗೆ ಇಟ್ಟೆ. ಅದು ಮೆಲ್ಲಗೆ ಬಳುಕುತ್ತ ತನ್ನ ದಾರಿ ತಾನೇ ಹುಡುಕಿಕೊಂಡು ಒಳಗೆ ಹೋಯಿತು. ಬೋಗುಣಿ ತುಂಬಿದ ಮೇಲೆ ಮುದುಕ ಕಣ್ಣು ತೆರೆದು, "ಸಾಹೇಬ್ರ, ಮೊದಲ ಇದನ್ನ ಯಾಕ ಹಾಕಲಿಲ್ರಿ?" ಎಂದು ಕೇಳಿದ.

ಆಮೇಲೆ ರೋಣ. ಅಲ್ಲಿ ಡಾಕ್ಟರು ಒಳ್ಳೆಯವರು, ಹೊಸದನ್ನು ಓದುವವರು, ತಪ್ಪಾದರೆ ತಪ್ಪೆಂದು ಒಪ್ಪುವವರು. ಅಂಥ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ. ಅಲ್ಲಿ ನನ್ನ ಜಗಳವೆಲ್ಲ ಕಂಪೌಂಡರನ ಜೊತೆ. ರಬ್ಬರನ್ನು ಕುದಿಸಿದಷ್ಟೂ ಅದರ ಜೀವ ಹೋಗುತ್ತದೆ. ಬಿಸಿಲಿಗೆ ಒಣಹಾಕಿದರಂತೂ ಮುಗಿದೇ ಹೋಯಿತು. ಕುದಿಸಿ, ನೆರಳಲ್ಲಿ ಆರಿಸಿ, ಪೌಡರ್ ಉದುರಿಸಿ, ನೆಟ್ಟಗೆ ಮಲಗಿಸಿ, ಕತ್ತಲೆಯ ಡಬ್ಬಿಯಲ್ಲಿಡಬೇಕು. ಹಾಕುವ ಮುಂಚೆ ಪ್ರತಿಸಲವೂ ಬೆರಳಲ್ಲಿ ಬಗ್ಗಿಸಿ ನೋಡಬೇಕು, ಕೂದಲೆಳೆಯಷ್ಟು ಸೀಳು ಕಂಡರೂ ಎಸೆಯಬೇಕು. ನಮ್ಮ ಕಂಪೌಂಡರನಿಗೆ ಎಸೆಯುವುದೆಂದರೆ ಪ್ರಾಣಸಂಕಟ. "ಇನ್ನೊಂದ್ ವರ್ಸ ಬರ್ತದ ಬಿಡ್ರಿ ಅಕ್ಕಾರ" ಎಂದು ಎತ್ತಿಡುತ್ತಿದ್ದ. ಒಂದು ದಿನ ಸಿಟ್ಟು ನೆತ್ತಿಗೇರಿ, ಅವನ ಕಣ್ಣೆದುರೇ ಅಂಥ ನಾಲ್ಕಾರು ನಳಿಗೆಗಳನ್ನು ಕತ್ತರಿಯಿಂದ ಕಚಕಚ ತುಂಡು ಮಾಡಿ ಕಸದ ಡಬ್ಬಿಗೆ ಹಾಕಿದೆ. ಅವನು ಆ ತುಂಡುಗಳನ್ನು ಆರಿಸಿಕೊಂಡು ಹೋಗಿ ಸೈಕಲ್ಲಿನ ವಾಲ್ವಿಗೆ ಹಾಕಿಕೊಂಡ. ಮಾರನೇ ದಿನ ಎರಡೂ ಗಾಲಿಗಳ ಗಾಳಿ ಇಳಿದು, ಸೈಕಲ್ ನೂಕಿಕೊಂಡು ಬೆವರೊರೆಸುತ್ತ ಬಂದ.

ಈಗ ಗಜೇಂದ್ರಗಡದ ಮಾತು. ಅದಕ್ಕೂ ಮುಂಚೆ ಒಬ್ಬ ಹೆಂಗಸಿನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನಾವು ಅಲ್ಲಿ ಯಾಕೆ ಅಷ್ಟು ಹೆದರಿದೆವು ಎಂಬುದು ತಿಳಿಯುವುದಿಲ್ಲ. ನರಗುಂದದಲ್ಲಿದ್ದಾಗ ಶಿರೋಳದಿಂದ ಒಬ್ಬಾಕೆ ಬಂದಿದ್ದಳು. ಅಂಗಳದ ತುದಿಯಲ್ಲಿ ಗೋಣಿಚೀಲ ಹಾಸಿ ಕೂತಳು. ಒಳಗೆ ಕರೆದರೆ, "ನಾ ಇಲ್ಲೇ ಇರ್ತೇನ್ರಿ, ವಾಸನಿ ಬರ್ತದ" ಎಂದಳು. ಚೊಚ್ಚಲ ಹೆರಿಗೆ ದಿನಗಟ್ಟಲೆ ಕಷ್ಟವಾಗಿ, ಕೂಸಿನ ತಲೆ ಒತ್ತಿ ಒತ್ತಿ ಮೂತ್ರಕೋಶದ ಗೋಡೆ ಜಜ್ಜಿ ತೂತು ಬಿದ್ದಿತ್ತು. ಅಲ್ಲಿಂದ ಮುಂದೆ ಹಗಲೂ ಇರುಳೂ ಸೋರುವುದೇ. ಗಂಡ ಬಿಟ್ಟಿದ್ದ. ತವರಿನಲ್ಲಿ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ವಯಸ್ಸು ನನ್ನಷ್ಟೇ ಇತ್ತು. ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿ ಕಳಿಸಿದೆವು. ಹೋದಳೋ ಇಲ್ಲವೋ ಗೊತ್ತಿಲ್ಲ.

ಗಜೇಂದ್ರಗಡಕ್ಕೆ ನಾನು ಬಂದ ಮಳೆಗಾಲದಲ್ಲೇ ನೇಕಾರರ ಓಣಿಯಿಂದ ಕರೆ ಬಂತು. ನೀಲವ್ವ ಎಂಬ ಹುಡುಗಿ, ಇಪ್ಪತ್ತೂ ದಾಟಿರಲಿಲ್ಲ, ಚೊಚ್ಚಲಿಗೆ ತವರಿಗೆ ಬಂದಿದ್ದಳು. ತಾಯಿ ಸಂಗವ್ವ ವಿಧವೆ, ಸೀರೆ ನೇಯ್ದು ಮಗಳನ್ನು ಬೆಳೆಸಿದವಳು. ಅವಳ ಮನೆಯಲ್ಲಿ ಬಾಗಿಲು ದಾಟಿದರೆ ಕುಣಿ ಮಗ್ಗ, ಮಗ್ಗ ದಾಟಿದರೆ ಒಲೆ. ಮೂರು ದಿನದಿಂದ ಬೇನೆ ಎದ್ದಿತ್ತಂತೆ. ನಾನು ಮುಟ್ಟಿ ನೋಡಿ ರೋಣಕ್ಕೆ ಹೇಳಿ ಕಳಿಸಿದೆ. ಡಾಕ್ಟರು ಜೀಪು ಹಿಡಿದು ಬಂದು ಇಕ್ಕಳ ಹಾಕಿ ಹೆರಿಗೆ ಮಾಡಿಸಿದರು. ಕೂಸು ಹೊರಗೆ ಬಂದಾಗ ಉಸಿರಿರಲಿಲ್ಲ. ನೀಲವ್ವ ಉಳಿದಳು, ಆದರೆ ಮೂತ್ರ ರಕ್ತದ ಬಣ್ಣಕ್ಕಿತ್ತು.

ಡಾಕ್ಟರು ಕೈ ತೊಳೆಯುತ್ತ ನನ್ನನ್ನು ಪಕ್ಕಕ್ಕೆ ಕರೆದರು. "ಒಳಗ ಜಜ್ಜೇದ. ಇನ್ನೂ ಹರದಿಲ್ಲ. ಎರಡು ವಾರ ಮೂತ್ರಕೋಶ ತುಂಬಬಾರದು, ಒಂದ್ ಸಲಾನೂ ತುಂಬಬಾರದು. ತುಂಬಿ ಬಿಗದ್ರ ಆ ಜಾಗ ಹರೀತದ. ಖಾಲಿ ಇದ್ರ ಕೂಡತದ" ಎಂದರು. ಗದಗಿನ ಆಸ್ಪತ್ರೆಗೆ ಒಯ್ಯೋಣವೆಂದರೆ ಆ ರಸ್ತೆಯಲ್ಲಿ ಕುಲುಕಾಡಿಯೇ ಹರಿದುಹೋಗುವ ಭಯ. ನಮ್ಮ ದವಾಖಾನೆಯಲ್ಲಿ ಹಾಸಿಗೆಯೇ ಇರಲಿಲ್ಲ. ಮನೆಯಲ್ಲೇ ಇಟ್ಟು ನೋಡುವುದೆಂದಾಯಿತು.

ಆಗ ಅವರು ಚೀಲದಿಂದ ನಾನು ಅದುವರೆಗೆ ಕಾಣದ ಒಂದು ನಳಿಗೆ ತೆಗೆದರು. ಹಳದಿ ಲ್ಯಾಟೆಕ್ಸ್. ತುದಿಯ ಹತ್ತಿರ ಸಣ್ಣ ಬಲೂನು. ಒಳಗೆ ಹಾಕಿದ ಮೇಲೆ ಪಕ್ಕದ ಕವಲಿನಿಂದ ನೀರು ತುಂಬಿದರೆ ಬಲೂನು ಉಬ್ಬಿ ನಳಿಗೆ ಜಾರದಂತೆ ಹಿಡಿದುಕೊಳ್ಳುತ್ತದೆ. ಮುಂಬೈಯ ಗೆಳೆಯರೊಬ್ಬರು ಕೊಟ್ಟದ್ದಂತೆ. ಇದ್ದುದು ಅದೊಂದೇ. ಸೋಪಿನ ನೀರು ಸವರಿ ಹಾಕಿದರು. ಹೊರಗಿನ ಭಾಗವನ್ನು ತೊಡೆಗೆ ಪಟ್ಟಿಯಿಂದ ಅಂಟಿಸಿ, ತುದಿಯನ್ನು ಹಗ್ಗದ ಹೊರಸಿನ ಕೆಳಗೆ ಇಟ್ಟ ಶೀಸೆಗೆ ಇಳಿಬಿಟ್ಟರು. ಹೋಗುವಾಗ ಸಂಗವ್ವನಿಗೆ ಎರಡು ಸಲ ಹೇಳಿದರು: "ಎಣ್ಣಿ ರಬ್ಬರಿನ ವೈರಿ. ನಳಗಿಗೆ ಎಣ್ಣಿ ಹಚ್ಚಬ್ಯಾಡ್ರಿ."

"ಆಗಲ್ರಿ ಯಪ್ಪಾ, ಹನಿ ಸೈತ ಹಚ್ಚೂದಿಲ್ಲ" ಎಂದಳು ಸಂಗವ್ವ.

ಮೊದಲ ಕೆಲವು ದಿನ ಎಲ್ಲ ಸುಸೂತ್ರ. ಮುಂಜಾನೆ ಸಂಜೆ ಹೋಗುತ್ತಿದ್ದೆ. ಶೀಸೆ ತುಂಬುತ್ತಿತ್ತು, ಕೆಂಪು ತಿಳಿಯಾಗುತ್ತ ಬಂದಿತ್ತು. ನೀಲವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಸೆರಗು ಸರಿಸಿದರೂ, ಒರೆಸಿದರೂ, ಯಾರು ಬಂದು ನೋಡಿ ಹೋದರೂ ಅವಳಿಗೆ ಖಬರಿರಲಿಲ್ಲ. ಒಂದು ಸಂಜೆ ಅವಳ ಅತ್ತೆ ಬಂದು ಬಾಗಿಲಲ್ಲೇ ನಿಂತು ಸಂಗವ್ವನಿಗೆ ಹೇಳಿದಳು: "ಮೈ ನೆಟ್ಟಗಾತಂದ್ರ ಕಳಸು. ಸೋರಾಕ ಹತ್ತಿದ್ರ ಇಲ್ಲೇ ಇಟ್ಕೋ. ಮಗ್ಗದ ಮನಿ ನಮ್ಮದು, ನೇದ ಸೀರಿ ಮ್ಯಾಲ ಕಲಿ ಬಿದ್ರ ಯಾರ ಕೊಳ್ತಾರ?" ನನಗೆ ಮೈ ಉರಿಯಿತು. ಆದರೆ ಅವಳು ಹೇಳಿದ್ದು ಓಣಿಯಲ್ಲಿ ಎಲ್ಲರ ಮನಸ್ಸಿನಲ್ಲಿ ಇದ್ದದ್ದೇ.

ಒಂದು ಮುಂಜಾನೆ ಹೋದಾಗ ಸಂಗವ್ವ ನಗುಮುಖದಿಂದ ಎದುರು ಬಂದಳು. "ಅಕ್ಕಾರ, ಸೋರೂದು ಭಾಳ ಕಡಿಮಿ ಆಗೇತ್ರಿ. ನಸಿಕಿನಿಂದ ಶೀಸೆದಾಗ ಹನಿನೂ ಬಿದ್ದಿಲ್ಲ" ಎಂದಳು.

ಹೊದಿಕೆ ಸರಿಸಿದೆ. ನಳಿಗೆ ಬೆಂದ ಶ್ಯಾವಿಗೆಯಂತೆ ಊದಿ, ಅಂಟಂಟಾಗಿ ತೊಡೆಗೆ ಹತ್ತಿಕೊಂಡಿತ್ತು. ಕಿಬ್ಬೊಟ್ಟೆ ಮುಟ್ಟಿದೆ. ಗುಂಡಗೆ, ಗಟ್ಟಿಯಾಗಿ ಮೇಲೇಳುತ್ತಿತ್ತು. ನೀಲವ್ವ ಮೊದಲ ಸಲ ಬಾಯಿಬಿಟ್ಟು, "ಬಿಗಿತೈತ್ರಿ" ಎಂದಳು.

"ಎಣ್ಣಿ ಹಚ್ಚೀಯೇನ ಸಂಗವ್ವ?" ಎಂದು ಕೂಗಿಯೇಬಿಟ್ಟೆ.

"ದೇವ್ರಾಣಿ ಇಲ್ರಿ! ನಳಗಿಗೆ ಮುಟ್ಟಿಸಿಲ್ಲ. ಬಾಣಂತಿ ಮೈಗೆ ಅಷ್ಟ ಹಚ್ಚೇನಿ."

ಬಾಣಂತಿಗೆ ನೆತ್ತಿಯಿಂದ ಪಾದದವರೆಗೆ ಬಿಸಿ ಕುಸುಬೆ ಎಣ್ಣೆ ತಿಕ್ಕಬೇಕು. ಸೊಂಟಕ್ಕೆ, ತೊಡೆಗೆ ಹೆಚ್ಚೇ ತಿಕ್ಕಬೇಕು. ಆಮೇಲೆ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಶೇಗಡಿ ಇಟ್ಟು, ಅಜವಾನ ಉದುರಿಸಿ ಕಾವು ಕೊಡಬೇಕು. ನಮ್ಮ ಸೀಮೆಯಲ್ಲಿ ಯಾವ ತಾಯಿ ಇದನ್ನು ಬಿಟ್ಟಾಳು? ಸಂಗವ್ವ ದಿನಾ ಎಣ್ಣೆ ಹಚ್ಚುವಾಗ ನಳಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅದರ ಕೆಳಗೆಲ್ಲ ನೀಟಾಗಿ ತಿಕ್ಕಿ, ಮತ್ತೆ ಅದೇ ಎಣ್ಣೆಯ ತೊಡೆಯ ಮೇಲೆ ಇಟ್ಟಿದ್ದಳು. ನಾನು ಬರುವ ಹೊತ್ತಿಗೆ ಮೈ ಒರೆಸಿ, ಶೇಗಡಿ ಎತ್ತಿಟ್ಟಿರುತ್ತಿದ್ದಳು. ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಿದ್ದಳು. "ಕೂಸಂತೂ ಹೋತು, ಅಕಿ ಮೈಯರ ಉಳೀಲಿ ಅಂತ ಮಾಡಿದೆನ್ರಿ" ಎಂದು ಅಳತೊಡಗಿದಳು.

ಎಣ್ಣೆ ಮತ್ತು ಕಾವು ಕೂಡಿ ನಳಿಗೆಯ ಹೊರಭಾಗವನ್ನು ಊದಿಸಿ ಒಳದಾರಿಯನ್ನು ಮುಚ್ಚಿಬಿಟ್ಟಿದ್ದವು. ಬಲೂನಿನ ನೀರು ತೆಗೆದು ನಳಿಗೆಯನ್ನು ಹೊರಗೆಳೆಯೋಣವೆಂದು ಕವಲಿಗೆ ಪಿಚಕಾರಿ ಹಚ್ಚಿ ಎಳೆದೆ. ಹನಿ ಬರಲಿಲ್ಲ. ಆ ದಾರಿಯೂ ಮುಚ್ಚಿತ್ತು. ಬಲೂನು ಉಬ್ಬಿದ್ದಾಗಲೇ ಜಗ್ಗಿದರೆ ಜಜ್ಜಿದ ಜಾಗ ಅಲ್ಲೇ ಹರಿಯುತ್ತದೆ. ಸುಮ್ಮನಿದ್ದರೆ ತುಂಬಿ ಹರಿಯುತ್ತದೆ. ರೋಣಕ್ಕೆ ಒಬ್ಬರನ್ನು ಸೈಕಲ್ ಮೇಲೆ ಓಡಿಸಿದೆ. ಆದರೆ ಎರೆಮಣ್ಣಿನ ರಸ್ತೆ, ಮಳೆ ಬಿದ್ದಿತ್ತು, ಡಾಕ್ಟರು ಬರುವುದರೊಳಗೆ ಹೊತ್ತು ಮುಳುಗುವುದು ಖಂಡಿತ. ಅಲ್ಲಿಯತನಕ ಆ ಹೊಟ್ಟೆ ಕಾಯುವಂತಿರಲಿಲ್ಲ.

ಮೈಗೆ ಹತ್ತಿರದ ಕಡೆ ನಳಿಗೆಯನ್ನು ಬೆರಳಲ್ಲಿ ಹಿಸುಕಿ ನೋಡಿದೆ. ಅಲ್ಲಿ ಎರಡು ಬೆರಳಗಲ ರಬ್ಬರು ಇನ್ನೂ ಗಟ್ಟಿಯಾಗಿ, ಪುಟಿಯುವಂತೆ ಇತ್ತು. ಅಲ್ಲಿಯವರೆಗೆ ಎಣ್ಣೆ ಹೋಗಿರಲಿಲ್ಲ. ಆ ಜಾಗದಲ್ಲಿ ಕತ್ತರಿಸಿದರೆ ಎರಡೂ ದಾರಿ ತೆರೆಯಬೇಕು. ಆದರೆ ಕತ್ತರಿಸಿದ ಮೋಟು ಒಳಕ್ಕೆ ಜಾರಿತೋ, ಹೊಟ್ಟೆ ಕೊಯ್ಯದೆ ತೆಗೆಯಲಾಗದು. ನನ್ನ ಚೀಲದಲ್ಲಿದ್ದ ಒಂದೇ ಚಿಮುಟದ ಹಲ್ಲು ಸವೆದಿತ್ತು, ಅದನ್ನು ನಂಬುವ ಹಾಗಿರಲಿಲ್ಲ.

"ಸಂಗವ್ವ, ಗಟ್ಟಿ ರೇಷ್ಮಿ ಎಳಿ ಕೊಡು. ಹುರಿ ಮಾಡಿದ್ದು" ಎಂದೆ. ಅವಳು ಮಗ್ಗದಿಂದ ತಂದಳು. ಕುದಿಯುವ ನೀರಲ್ಲಿ ಹಾಕಿ ತೆಗೆದು, ಹೊಲಿಗೆಯ ಸೂಜಿಗೆ ಪೋಣಿಸಿ, ಗಟ್ಟಿ ಇದ್ದ ಕಡೆ ನಳಿಗೆಯ ಗೋಡೆಗೆ ಆರಪಾರ ಚುಚ್ಚಿ ಗಂಟು ಹಾಕಿದೆ. ಎರಡು ತುದಿಗಳನ್ನು ಸಂಗವ್ವನ ಕೈಗೆ ಕೊಟ್ಟೆ.

"ಇದನ್ನ ಜಗ್ಗಬ್ಯಾಡ. ಸಡಲ ಬಿಡಬ್ಯಾಡ. ಮಗ್ಗದಾಗ ಹಾಸಿನ ಎಳಿ ಹ್ಯಾಂಗ ಹಿಡೀತಿ, ಹಂಗ ಹಿಡಿ."

ಅವಳು ಅಳು ನಿಲ್ಲಿಸಿದಳು. ಮೊಣಕಾಲೂರಿ ಕೂತು ಎಳೆ ಹಿಡಿದಳು. ಆ ಕೈ ಒಂದಿಷ್ಟೂ ಅಲುಗಲಿಲ್ಲ. ಗಂಟಿನ ಹೊರಗೆ ಕತ್ತರಿ ಇಟ್ಟೆ. ಕಚ್ ಎಂದಿತು. ಮೋಟು ಒಳಕ್ಕೆ ಸರ್ರೆಂದು ಸರಿಯಿತು. ಎಳೆ ಬಿಗಿಯಿತು. ಸಂಗವ್ವ ಹಿಡಿದಿದ್ದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸಣ್ಣ ತೂತಿನಿಂದ ತಿಳಿನೀರು ತೊಟ್ಟು ತೊಟ್ಟಾಗಿ ಬಂತು, ದೊಡ್ಡದರಿಂದ ಮೂತ್ರ ಸುರಿಯತೊಡಗಿತು. ಕೈಕೆಳಗೆ ಹೊಟ್ಟೆ ಇಳಿಯುವುದು ನನಗೆ ತಿಳಿಯುತ್ತಿತ್ತು. ತಿಳಿನೀರು ನಿಂತ ಮೇಲೆ ಎಳೆಯನ್ನು ನಾನು ತೆಗೆದುಕೊಂಡು ಮೆಲ್ಲಗೆ ಸೆಳೆದೆ. ನಳಿಗೆ ತಡೆಯಿಲ್ಲದೆ ಬಂತು. ಅಂಗೈ ಮೇಲೆ ಹಾಸಿ ಬಲೂನಿನ ಪ್ರತಿ ಅಂಚನ್ನೂ ನೋಡಿದೆ, ಒಂದು ಚೂರೂ ಒಳಗೆ ಉಳಿದಿರಲಿಲ್ಲ.

ಕೂಡಲೇ ಹಳೆಯ ಕೆಂಪು ರಬ್ಬರಿನದನ್ನು ಹಾಕಿದೆ. ಅದಕ್ಕೆ ಬಲೂನಿಲ್ಲ, ಪಟ್ಟಿಯಿಂದಲೇ ಅಂಟಿಸಬೇಕು. ಎಣ್ಣೆ ಕುಡಿದ ಮೈಗೆ ಪಟ್ಟಿ ಎಲ್ಲಿ ಹತ್ತಬೇಕು? ಸೀಗೆಪುಡಿ ಹಾಕಿ ತಿಕ್ಕಿದರೂ ಕಳಚಿ ಬರುತ್ತಿತ್ತು. ಕೊನೆಗೆ ಸೊಂಟಕ್ಕೊಂದು, ತೊಡೆಗೊಂದು ಬಟ್ಟೆಯ ಪಟ್ಟಿ ಸುತ್ತಿ, ಅದಕ್ಕೆ ನಳಿಗೆಯನ್ನು ದಾರದಿಂದ ಕಟ್ಟಿದೆ. ನಳಿಗೆಗೆ ಎಣ್ಣೆಯ ಕೈ ಸೋಕದಂತೆ ಮೇಲೊಂದು ಹಸಿ ಬಟ್ಟೆ ಸುತ್ತಿದೆ.

ಅಲ್ಲಿಂದ ಸಂಗವ್ವನಿಗೂ ನನಗೂ ಯುದ್ಧ. ಎಣ್ಣೆ ಇಲ್ಲ, ಕಾವು ಇಲ್ಲ ಎಂದರೆ ಬಾಣಂತಿಗೆ ಸನ್ನಿ ಹಿಡಿಯುತ್ತದೆಂದು ಓಣಿಯ ಹೆಂಗಸರೆಲ್ಲ ನನ್ನ ಮೇಲೆ ಬಿದ್ದರು. ನಾನೂ ಬಗ್ಗಲಿಲ್ಲ. ಕೊನೆಗೆ ರಾಜಿಯಾಯಿತು: ಎಣ್ಣೆ ನೆತ್ತಿಗೆ ಮತ್ತು ಅಂಗಾಲಿಗೆ ಮಾತ್ರ, ಶೇಗಡಿ ತಲೆಯ ಕಡೆ, ಮಾರು ದೂರ. ಆ ಸಂಜೆ ಡಾಕ್ಟರು ಕೆಸರು ಮೆತ್ತಿಕೊಂಡು ಬಂದವರು ಕತ್ತರಿಸಿದ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮೋಟು ಒಳಗ ಹೋಗಿದ್ರ?"

"ಹೋಗಲಿಲ್ಲಲ್ರಿ" ಎಂದೆ.

"ಮೈಗೂ ಎಣ್ಣಿ ಬ್ಯಾಡ ಅಂತ ಹೇಳಬೇಕಾಗಿತ್ತು ನಾನು" ಎಂದು ಅವರು ಹಣೆ ಒತ್ತಿಕೊಂಡರು. ನೀಲವ್ವನ ಹೊಟ್ಟೆ ಮುಟ್ಟಿ, "ಹರದದೋ ಇಲ್ಲೋ ಅಂತ ಈಗ ಹೇಳಾಕ ಬರೂದಿಲ್ಲ. ನಳಗಿ ತಗದ ದಿನ ಗೊತ್ತಾಗ್ತದ" ಎಂದರು.

ನಳಿಗೆ ತೆಗೆಯುವ ದಿನ ಬಂತು. ಡಾಕ್ಟರಿಗೆ ರೋಣದಲ್ಲೇ ತುರ್ತು ಕೆಲಸ ಬಿದ್ದು ನನಗೇ ತೆಗೆಯಲು ಹೇಳಿ ಕಳಿಸಿದ್ದರು. ಮುಂಜಾನೆ ಹೋದೆ. ಅತ್ತೆಯೂ ಬಂದಿದ್ದಳು. ಈ ಸಲ ಒಳಗೆ ಬಂದು ಗೋಡೆಗೊರಗಿ ಕೂತಿದ್ದಳು. ದಾರ ಬಿಚ್ಚಿ ನಳಿಗೆ ತೆಗೆದೆ. ಸಂಗವ್ವ ಮಗ್ಗದಿಂದ ಆಗ ತಾನೇ ಕೊಯ್ದ ಬಿಳಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ನೀಲವ್ವನನ್ನು ಅದರ ಮೇಲೆ ಕೂರಿಸಿ ಕುಡಿಯಲು ನೀರು ಮಜ್ಜಿಗೆ ಕೊಟ್ಟೆವು. ಇನ್ನೊಂದು ತಂಬಿಗೆ, ಮತ್ತೊಂದು ತಂಬಿಗೆ.

ಕಾಯತೊಡಗಿದೆವು. ಪಕ್ಕದ ಮನೆಯಲ್ಲಿ ಮಗ್ಗದ ಲಾಳಿ ಓಡುವ ಸದ್ದು ಮಾತ್ರ. ಅವಳು ಕಾಲು ಸರಿಸಿದಾಗಲೆಲ್ಲ ಮೂವರ ಕಣ್ಣೂ ಬಟ್ಟೆಯ ಮೇಲೆ. ಕೆಮ್ಮು ಎಂದೆ. ಕೆಮ್ಮಿದಳು. ಬಟ್ಟೆ ಒಣಗಿಯೇ ಇತ್ತು. ಆದರೆ ಮೂತ್ರಕೋಶ ತುಂಬದೆ ಅದಕ್ಕೆ ಅರ್ಥವಿಲ್ಲವೆಂದು ನನಗೆ ಗೊತ್ತಿತ್ತು. ತುಂಬುವುದಕ್ಕೆ ಇಷ್ಟು ದಿನ ಹೆದರಿದವಳು ಈಗ ತುಂಬಲಿ ಎಂದು ಕಾಯುತ್ತಿದ್ದೆ. ಆ ಹೊತ್ತಿಗೆ ಹೆದರಿದಷ್ಟು ನನ್ನ ಇಡೀ ಕೆಲಸದಲ್ಲಿ ನಾನು ಹೆದರಿಲ್ಲ.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಾಗ ನೀಲವ್ವ ತಲೆ ಎತ್ತಿದಳು. ಮುಖದಲ್ಲಿ ಏನೋ ಗಾಬರಿ. "ಯವ್ವಾ" ಎಂದಳು, "ಒಂದಕ್ಕ ಬಂದಂಗ ಆಗೇತಿ."

ಸಂಗವ್ವ ಅವಳ ತೋಳು ಹಿಡಿದು ಎಬ್ಬಿಸಿದಳು. ನಾನು ಬಟ್ಟೆ ಎತ್ತಿ ಮುಟ್ಟಿ ನೋಡಿದೆ, ಮಡಿಕೆ ಬಿಚ್ಚಿ ಕೆನ್ನೆಗೆ ಒತ್ತಿ ನೋಡಿದೆ. ಎಲ್ಲೂ ಹಸಿಯಿರಲಿಲ್ಲ. ಅದನ್ನು ಅತ್ತೆಯ ಮಡಿಲಿಗೆ ಎಸೆದೆ. ಅವಳೂ ಎರಡೂ ಕೈಯಿಂದ ಸವರಿ ಸವರಿ ನೋಡಿದಳು.

ನೀಲವ್ವ ಗೋಡೆ ಹಿಡಿದುಕೊಂಡು ಹಿತ್ತಲ ಬಚ್ಚಲಿಗೆ ಹೋದಳು. ನಾವು ಮೂವರೂ ನಾಚಿಕೆ ಬಿಟ್ಟು ಅವಳ ಹಿಂದೆಯೇ ನುಗ್ಗಿ ಮರೆಯ ತಟ್ಟಿಗೆ ಕಿವಿ ಹಚ್ಚಿ ನಿಂತೆವು. ಒಳಗಿಂದ ಸಪ್ಪಳವಿಲ್ಲ. ಸಂಗವ್ವ ತಟ್ಟಿ ಸರಿಸಲು ಕೈ ಹಾಕಿದಳು.

"ದೂರ ಸರೀರಿ ಎಲ್ಲಾರೂ!" ಎಂದು ಒಳಗಿಂದ ನೀಲವ್ವ ಚೀರಿದಳು. "ಹಿಂಗ ನಿಂತ್ರ ಹ್ಯಾಂಗ ಮಾಡ್ಲಿ? ನನಗ ನಾಚಿಕಿ ಬರ್ತದ!"

ನಾವು ಅಂಗಳದವರೆಗೆ ಓಡಿದೆವು, ಅತ್ತೆಯೂ ಓಡಿದಳು. ಬಚ್ಚಲ ಕಲ್ಲಿನ ಮೇಲೆ ಧಾರೆ ಬೀಳುವ ಸದ್ದು ಅಲ್ಲಿಂದಲೂ ಕೇಳಿಸಿತು.